ಎಳೆಯರ ಕೈಗೆ ವಿದ್ಯುತ್ತು: ಹೋಶಂಗಾಬಾದಿನ ಪ್ರಯೋಗ

ವಿದ್ಯುತ್ತು ಕಣ್ಣಿಗೆ ಕಾಣದು. ಅದನ್ನು ಎಳೆಯರಿಗೆ ವ್ಯಾಖ್ಯೆಯಿಂದ ಬೋಧಿಸಬೇಕೋ, ಪ್ರಯೋಗದಿಂದಲೋ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಮೂವತ್ತು ವರ್ಷ ನಡೆದ ಉತ್ತರವೊಂದುಂಟು.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಹೊಸ ರೀತಿಯ ವಿಜ್ಞಾನ ಶಿಕ್ಷಣವನ್ನು ಆರಂಭಿಸಿದವು. 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆಯು ಆ ಹೊಣೆಯನ್ನು ವಹಿಸಿಕೊಂಡಿತು. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು 'ಬಾಲ ವೈಜ್ಞಾನಿಕ' ಎಂಬ ಹಿಂದೀ ಪುಸ್ತಕವನ್ನು ಮುಂದಿಟ್ಟುಕೊಂಡು, ಗುಂಪುಗೂಡಿ, ತಾವೇ ಪ್ರಯೋಗ ಮಾಡಿ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿಯೂ ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು; ಬಾಯಿಪಾಠಕ್ಕೆ ಬೆಲೆಯಿರಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಈ ಕ್ರಮದ ಔಚಿತ್ಯವು ಸ್ಪಷ್ಟ. ತಂತಿಯ ದಾರಿ ಕಡಿಯದೆ ಸೆಲ್ಲಿಗೆ ಮರಳಿದರೆ ಮಾತ್ರ ಬಲ್ಬು ಬೆಳಗುವುದು. ಪ್ರವಾಹವುಳ್ಳ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದು. ಇವನ್ನು ಒಮ್ಮೆ ಕಂಡ ಮಗು ಮರೆಯಲಾರದು.

2002ರಲ್ಲಿ ರಾಜ್ಯ ಸರ್ಕಾರವು ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಅದರ ಪಾಠವನ್ನು ಮನೆಗೆ ತರುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಹೊರನಾಡಿನಲ್ಲಿ ಇಂಗ್ಲಿಷ್ ವ್ಯಾಖ್ಯೆಗಳನ್ನು ಉರುಹೊಡೆಯುವ ನಮ್ಮ ಮಕ್ಕಳ ಕೈಗೆ ಗೋಡೆಯ ವಿದ್ಯುತ್ತನ್ನು ದೂರವಿಟ್ಟು, ಒಂದು ಟಾರ್ಚಿನ ಸೆಲ್ಲು, ಬಲ್ಬು, ತಂತಿ, ಸೂಜಿಗಲ್ಲುಗಳನ್ನು ಕೊಟ್ಟು, "ಏನಾಯಿತು? ಏಕಾಯಿತು?" ಎಂದು ಕನ್ನಡದಲ್ಲಿ ಕೇಳುವುದು ನಮ್ಮಿಂದಾಗದ ಕಾರ್ಯವೇ?