ತುರುಪಿನ ಎಲೆಯಲ್ಲಿ ತಲೆಕೆಳಗಾದ ಮನುಷ್ಯ

ಈ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದಾಗ, ಒಂದು ಮಧ್ಯಾಹ್ನ ಕಟ್ಟಡದ ಹಿಂದಿನ ಹುಣಸೆಮರದಡಿ ಇಸ್ಪೀಟು ಆಡುತ್ತಿದ್ದ ಹತ್ತನೇ ತರಗತಿಯ ನಾಲ್ವರು ಹುಡುಗರನ್ನು ಹಿಡಿದೆ. ಎಲೆಗಳನ್ನು ಕಿತ್ತುಕೊಂಡು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂವರು ತಲೆ ತಗ್ಗಿಸಿ ನಿಂತರು. ನಾಲ್ಕನೆಯವನು, “ಸಾರ್, ತುರುಪು ಅನ್ನೋದು ಯಾವ ಭಾಷೆ ಸಾರ್?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಬೆತ್ತ ತೋರಿಸಿದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಕೇಳಿದಾಗ ಮೊದಲು ನೆನಪಾದದ್ದು ಆ ಹುಡುಗ.

ತುರುಪು ಯುರೋಪಿನವರ ಜೊತೆ ನಮ್ಮ ದೇಶಕ್ಕೆ ಬಂದ ಮಾತು. ಅದರ ಬೇರು ಇಟಲಿಯ ‘ತ್ರಿಯೋಂಫಿ’, ಅಂದರೆ ವಿಜಯೋತ್ಸವ. ಇಸ್ಪೀಟಿನ ಎಲೆ ಯುರೋಪಿಗೆ ಹೋದದ್ದು 14ನೇ ಶತಮಾನದ ಕೊನೆಯ ಭಾಗದಲ್ಲಿ, ಈಜಿಪ್ಟಿನ ಮಾಮಲೂಕರ ಕಡೆಯಿಂದ. ಅವರ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲು ಇದ್ದವು. ಇಟಲಿಯವರಿಗೆ ಪೋಲೋ ಆಟ ಗೊತ್ತಿರಲಿಲ್ಲವಾದ್ದರಿಂದ ಅದು ಬರೀ ದೊಣ್ಣೆಯಾಯಿತು. ಮುಂದೆ 15ನೇ ಶತಮಾನದ ಮೊದಲ ಭಾಗದಲ್ಲಿ ಉತ್ತರ ಇಟಲಿಯ ಅರಮನೆಗಳಲ್ಲಿ ಆ 56 ಎಲೆಗಳಿಗೆ ಇನ್ನೂ 22 ಚಿತ್ರದ ಎಲೆಗಳನ್ನು ಸೇರಿಸಿದರು. ಇವೇ ಉಳಿದ ಎಲೆಗಳನ್ನು ಹೊಡೆಯುವ ತುರುಪುಗಳು. 1442ರ ಹೊತ್ತಿಗೆ ಫೆರಾರಾದ ಆಸ್ಥಾನದ ಲೆಕ್ಕಪುಸ್ತಕದಲ್ಲಿ ಈ ಹೆಸರು ಸಿಗುತ್ತದೆ.

ಈ 78 ಎಲೆಗಳ ಕಟ್ಟನ್ನೇ ಇಂದು ಟ್ಯಾರೋ ಎಂದು ಕರೆದು ಭವಿಷ್ಯ ಹೇಳುತ್ತಾರೆ. ಮೊದಲ ಮುನ್ನೂರು ವರ್ಷ ಇದು ಮುಖ್ಯವಾಗಿ ಆಟವೇ ಆಗಿತ್ತು. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲಿನ್ ಎಂಬ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಜ್ಞಾನ ಎಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೊಲಿಯೊನ್ ಬಿಡಿಸಿದ್ದು 1822ರಲ್ಲಿ. ಜೆಬೆಲಿನ್ ಬರೆಯುವಾಗ ಅದರ ಒಂದಕ್ಷರವನ್ನೂ ಓದಬಲ್ಲವರು ಇರಲಿಲ್ಲ. ಹಾಗಾಗಿ ಅವನನ್ನು ತಪ್ಪೆನ್ನುವವರೂ ಇರಲಿಲ್ಲ!

ಹಾಗಾದರೆ ಆ ಚಿತ್ರಗಳು ಎಲ್ಲಿಂದ ಬಂದವು? ಜನ ದಿನವೂ ನೋಡುತ್ತಿದ್ದ ಗೋಡೆಗಳಿಂದ, ಚರ್ಚುಗಳಿಂದ, ಕೈಬರಹದ ಪುಸ್ತಕಗಳಿಂದ. ಉಳಿದು ಬಂದಿರುವ ಹಳೆಯ ಕಟ್ಟುಗಳಲ್ಲಿ ಹೆಸರಾದದ್ದು ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾನ ಕಾಲದ್ದು, ಸುಮಾರು 1450ರದ್ದು. ಬೊನಿಫಾಚೊ ಬೆಂಬೊ ಎಂಬ ಚಿತ್ರಕಾರನ ಕೈಕೆಲಸ ಎನ್ನುತ್ತಾರೆ. ಒಂದೊಂದು ಎಲೆಯೂ ನಮ್ಮ ಅಂಗೈಗಿಂತ ಉದ್ದ, ಹಿನ್ನೆಲೆಗೆ ಚಿನ್ನದ ರೇಕು. 74 ಎಲೆಗಳು ಉಳಿದಿವೆ, ಕೆಲವು ನ್ಯೂಯಾರ್ಕಿನಲ್ಲಿ, ಕೆಲವು ಇಟಲಿಯ ಬೆರ್ಗಮೊದಲ್ಲಿ. ಕಳೆದುಹೋದ ನಾಲ್ಕರಲ್ಲಿ ಸೈತಾನನ ಎಲೆಯೂ ಒಂದು.

ಇದರ ‘ಹುಚ್ಚ’ನನ್ನು ನೋಡಿ: ಹರಿದ ಬಟ್ಟೆ, ತಲೆಯಲ್ಲಿ ಗರಿಗಳು, ಹೆಗಲ ಮೇಲೆ ದೊಣ್ಣೆ. ಇವನಿಗಿಂತ ನೂರೈವತ್ತು ವರ್ಷ ಮುಂಚೆ, ಸುಮಾರು 1305ರಲ್ಲಿ, ಪಾದುವಾದ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಜಿಯೊಟ್ಟೊ ಬರೆದ ‘ಮೂರ್ಖತನ’ಕ್ಕೂ ಗರಿಗಳಿವೆ, ದೊಣ್ಣೆಯಿದೆ. ‘ಅದೃಷ್ಟದ ಚಕ್ರ’ವೂ ಮಧ್ಯಯುಗದ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರವೇ. ಒಬ್ಬ ಏರುತ್ತಾನೆ, ಒಬ್ಬ ಮೇಲೆ ಕುಳಿತಿದ್ದಾನೆ, ಒಬ್ಬ ಜಾರುತ್ತಾನೆ, ಒಬ್ಬ ಮುದುಕ ಅಡಿಯಲ್ಲಿ ಬಿದ್ದಿದ್ದಾನೆ. ಮೇಲೆ ಕುಳಿತವನಿಗೆ ಚಿತ್ರಕಾರ ಕತ್ತೆಯ ಕಿವಿ ಇಟ್ಟಿದ್ದಾನೆ. ದುಡ್ಡು ಕೊಟ್ಟು ಮಾಡಿಸಿದವನು ದೊರೆ ಎಂಬುದನ್ನು ಮರೆಯಬಾರದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಎಲೆ. ಮರದ ಚೌಕಟ್ಟಿಗೆ ಒಂದು ಕಾಲಿನಿಂದ ತಲೆಕೆಳಗಾಗಿ ನೇತುಬಿದ್ದ ಯುವಕ. ಕೈಗಳು ಬೆನ್ನ ಹಿಂದೆ. ಹಳೆಯ ಇಟಲಿಯಲ್ಲಿ ಈ ಎಲೆಗೆ ‘ದ್ರೋಹಿ’ ಎಂದೇ ಹೆಸರಿತ್ತು. ಫ್ಲಾರೆನ್ಸಿನಂಥ ನಗರಗಳಲ್ಲಿ ದ್ರೋಹಿಗಳ, ಸಾಲ ತೀರಿಸದೆ ಓಡಿಹೋದವರ ಚಿತ್ರವನ್ನು ಹೀಗೆ ತಲೆಕೆಳಗಾಗಿ ಸರ್ಕಾರಿ ಕಟ್ಟಡದ ಹೊರಗೋಡೆಯ ಮೇಲೆ ಬರೆಸುತ್ತಿದ್ದರು. ಮನುಷ್ಯ ಕೈಗೆ ಸಿಗದಿದ್ದರೆ ಮಾನವನ್ನಾದರೂ ನೇತುಹಾಕುವ ಶಿಕ್ಷೆ ಅದು. 1440ರಲ್ಲಿ ಆಂದ್ರೆಯಾ ದೆಲ್ ಕಸ್ತಾನ್ಯೊ ಎಂಬ ಚಿತ್ರಕಾರ ಫ್ಲಾರೆನ್ಸಿನಲ್ಲಿ ಇಂಥ ಚಿತ್ರ ಬರೆದ; ಅಂದಿನಿಂದ ಅವನಿಗೆ ‘ನೇತುಬಿದ್ದವರ ಆಂದ್ರೆಯಾ’ ಎಂಬ ಅಡ್ಡಹೆಸರೇ ಅಂಟಿತು.

ಈ ಶಿಕ್ಷೆ ಸ್ಫೋರ್ಜಾ ಮನೆತನಕ್ಕೂ ತಗುಲಿತ್ತು. ಫ್ರಾಂಚೆಸ್ಕೊನ ತಂದೆ ಮುತ್ಸಿಯೊ ಕೊತಿನ್ಯೋಲ ಎಂಬ ಸಣ್ಣ ಊರಿನವನು, ಬಾಡಿಗೆ ಸೈನ್ಯದ ದಳಪತಿ. ಆಗ ಪೋಪ್ ಪಟ್ಟಕ್ಕೆ ಮೂವರು ಹಕ್ಕುದಾರರಿದ್ದರು. ಅವರಲ್ಲೊಬ್ಬನಾದ 23ನೇ ಜಾನ್‌ನನ್ನು ಬಿಟ್ಟು ಮುತ್ಸಿಯೊ 1412ರಲ್ಲಿ ನೇಪಲ್ಸಿನ ರಾಜನ ಕಡೆ ಸೇರಿದ. ಸಿಟ್ಟಿಗೆದ್ದ ಜಾನ್, ರೋಮಿನ ಸೇತುವೆಗಳ ಮೇಲೆ, ಬಾಗಿಲುಗಳ ಮೇಲೆ ಅವನನ್ನು ತಲೆಕೆಳಗಾಗಿ ಬರೆಸಿದ. ಕೈಗೆ ಒಂದು ಗುದ್ದಲಿಯನ್ನೂ ಕೊಡಿಸಿದ್ದ, ಹಳ್ಳಿಗಮಾರ ಎಂದು ಅಣಕಿಸಲು. ನಲವತ್ತು ವರ್ಷದೊಳಗೆ ಮಗ ಮಿಲಾನಿನ ದೊರೆಯಾದ. ಅವನ ಮನೆಯವರು ಆಡುವ ಚಿನ್ನದ ಎಲೆಗಳ ನಡುವೆ ಆ ತಲೆಕೆಳಗಾದ ಮನುಷ್ಯ ಮತ್ತೆ ಇದ್ದಾನೆ. ಆ ಎಲೆ ಕೈಗೆ ಬಂದಾಗಲೆಲ್ಲ ಅವರು ಏನು ನೆನೆಯುತ್ತಿದ್ದರೋ.

ಇದನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ಇಲ್ಲಿಗೆ ಬರುವ ಮುಂಚೆ ನಾನಿದ್ದ ಬೇರೊಂದು ಶಾಲೆಯಲ್ಲಿ, ಫೀಸು ಕಟ್ಟದ ಮಕ್ಕಳ ಹೆಸರನ್ನು ಬೆಳಗಿನ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದುವ ರೂಢಿ ಇತ್ತು. ಒಂದು ವರ್ಷ ಆ ಪಟ್ಟಿಯನ್ನು ಓದಿದ್ದು ನಾನೇ. ಎರಡನೆಯ ಸಲ ಓದಿದ ಮೇಲೆ ಒಬ್ಬ ಹುಡುಗಿ ಶಾಲೆಗೆ ಬರಲಿಲ್ಲ.

1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಲಾವಿದೆ ಹೊಸ ಟ್ಯಾರೋ ಕಟ್ಟಿಗೆ ಚಿತ್ರ ಬರೆದಳು. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಕೆಲಸ ದೊಡ್ಡದು, ಸಿಕ್ಕ ಹಣ ಚಿಕ್ಕದು ಎಂದು ಅವಳು ಗೆಳೆಯನಿಗೆ ಬರೆದ ಕಾಗದ ಉಳಿದಿದೆ. ಅವಳೂ ಹಳೆಯ ಚಿತ್ರಗಳನ್ನೇ ನೋಡಿ ಕೆಲಸ ಮಾಡಿದವಳು. ಮೂರು ಕತ್ತಿ ಚುಚ್ಚಿದ ಹೃದಯದ ಎಲೆ 15ನೇ ಶತಮಾನದ ಕೊನೆಯ ಒಂದು ಇಟಾಲಿಯನ್ ಕಟ್ಟಿನಲ್ಲಿದ್ದುದೇ. ಆದರೆ ತಲೆಕೆಳಗಾದವನನ್ನು ಅವಳು ಬೇರೆ ಮಾಡಿದಳು. ಅದೇ ಒಂಟಿ ಕಾಲು, ಅದೇ ಬೆನ್ನ ಹಿಂದಿನ ಕೈ. ಕಟ್ಟಿದ ಮರ ಮಾತ್ರ ಚಿಗುರಿದೆ, ತಲೆಯ ಸುತ್ತ ಸಂತರಿಗಿರುವಂಥ ಪ್ರಭಾವಳಿ ಇದೆ.

ಹುಣಸೆಮರದಡಿ ಕಿತ್ತುಕೊಂಡ ಎಲೆಗಳು ನಿವೃತ್ತಿಯ ದಿನ ಬೀರು ಖಾಲಿ ಮಾಡುವಾಗ ಸಿಕ್ಕವು, ಮನೆಗೆ ತಂದಿಟ್ಟಿದ್ದೇನೆ. ಎಣಿಸಿದರೆ 51 ಇವೆ, ಕಲಾವರ್ ರಾಣಿ ಇಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಮಹೋತ್ಸವಕ್ಕೆ ಬಂದರೆ ನನ್ನನ್ನು ಕಂಡು ಎಲೆಗಳನ್ನು ತೆಗೆದುಕೊಂಡು ಹೋಗಲಿ.