ಒಣಗುವ ಬಣ್ಣವೂ ಉಗ್ರಾಣದ ಲೆಕ್ಕವೂ

ಕಾರ್ಖಾನೆಯ ಉಗ್ರಾಣವೆಂದೊಡನೆ ಬೀಗ ಹಾಕಿದ ಒಂದು ಕೋಣೆ, ಅದರೊಳಗಿನ ಡಬ್ಬಿಗಳು, ಪೀಪಾಯಿಗಳು, ಅವುಗಳ ಆಯವ್ಯಯವನ್ನು ಬರೆದಿಡುವ ಗುಮಾಸ್ತ, ಇಷ್ಟೇ ನಮ್ಮ ಕಣ್ಣಿಗೆ ಕಟ್ಟುವುದು. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನಿಜವಾಗಿ ಪೀಡಿಸಿದ ದಾಸ್ತಾನು ಆ ಕೋಣೆಯೊಳಗೆ ಇರಲಿಲ್ಲ, ಬಣ್ಣ ಬಳಿಸಿಕೊಂಡು ಒಣಗಲೆಂದು ಸಾಲುಸಾಲಾಗಿ ನಿಂತ ಗಾಡಿಗಳ ರೂಪದಲ್ಲಿದ್ದಿತು.

ಮೋಟಾರಿನವರು ಈ ಕಲೆಯನ್ನು ಕುದುರೆಗಾಡಿಯ ಕಸಬುದಾರರಿಂದ ಪಡೆದಿದ್ದರು. ಅಗಸೆಯೆಣ್ಣೆಯಲ್ಲಿ ಅರೆದ ಸೀಸದ ಬಿಳುಪನ್ನು ಮೊದಲು ಮರಕ್ಕೆ ಹಚ್ಚಿ, ಅದರ ಮೇಲೆ ಸಂದುಗಳನ್ನು ಮುಚ್ಚುವ ಲೇಪವನ್ನು ಬಳಿದು, ನೀರು ಮತ್ತು ಪ್ಯೂಮಿಸ್ ಕಲ್ಲಿನಿಂದ ತಿಕ್ಕಿ ನುಣುಪುಗೊಳಿಸಿ, ಅನಂತರ ಬಣ್ಣ, ಕಡೆಗೆ ವಾರ್ನಿಷು, ಹೀಗೆ ಪದರದ ಮೇಲೆ ಪದರವನ್ನು ಏರಿಸಬೇಕಾಗಿತ್ತು. ಅಗಸೆಯೆಣ್ಣೆಯು ನೀರಿನಂತೆ ಆವಿಯಾಗಿ ಒಣಗುವ ವಸ್ತುವಲ್ಲ. ವಾಯುವಿನ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗತಕ್ಕದ್ದು. ಆದುದರಿಂದ ಒಂದು ಗಾಡಿಗೆ ಎರಡರಿಂದ ನಾಲ್ಕು ವಾರಗಳು ಹಿಡಿಯುತ್ತಿದ್ದುವು. ಸಂಡಿಗೆ ಇಟ್ಟ ಗೃಹಿಣಿಯಂತೆ ಬಣ್ಣಗಾರನೂ ಮೋಡವನ್ನು ನೋಡಿಯೇ ದಿನವನ್ನು ಎಣಿಸಬೇಕಾಗಿತ್ತು.

ಕೋಣೆಯೊಳಗಿನ ಸರಕಾದರೂ ಕಾಲಕ್ಕೆ ಅಧೀನವಾದುದೇ. ಜಾಂಜಿಬಾರಿನ ಕೋಪಾಲ್, ನ್ಯೂಜಿಲೆಂಡಿನ ಕೌರಿ ಮುಂತಾದ, ನೆಲದಿಂದ ಅಗೆದು ತೆಗೆದ ರಾಳಗಳನ್ನು ಕರಗಿಸಿ, ಎಣ್ಣೆಯೊಡನೆ ಬೇಯಿಸಿ, ಟರ್ಪೆಂಟೈನಿನಿಂದ ತೆಳುಗೊಳಿಸಿದ ವಾರ್ನಿಷು ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ನಿಂತು ತಿಳಿಯಾದ ಹೊರತು ಉತ್ತಮ ಕೆಲಸಕ್ಕೆ ಒದಗುತ್ತಿರಲಿಲ್ಲ. ಇದಕ್ಕೆ ವಿಪರೀತವಾಗಿ, ನಮ್ಮ ದೇಶದ ಕಾಡುಗಳ ಅರಗಿನಿಂದ ಸಿದ್ಧವಾಗಿ ಅಲ್ಲಿಯ ಬಣ್ಣಗಾರರ ಕೈಸೇರುತ್ತಿದ್ದ ಚಪಡಾ, ಹಳತಾದಷ್ಟೂ ಸ್ಪಿರಿಟ್ಟಿನಲ್ಲಿ ಕರಗಲೊಲ್ಲದು, ಸೆಖೆಗೆ ಅಂಟಿಕೊಂಡು ಹೆಂಟೆಯಾಗುವುದು. ಯಾವುದನ್ನು ತಡೆದಿಡಬೇಕು, ಯಾವುದನ್ನು ಬೇಗನೆ ಹೊರಗೆ ಕೊಡಬೇಕು ಎಂಬ ವಿವೇಕವಿಲ್ಲದವನಿಗೆ ಪುಸ್ತಕದ ಲೆಕ್ಕ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿರಲಿಲ್ಲ.

1913ರಲ್ಲಿ ಫೋರ್ಡನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಆರಂಭವಾಗಿ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ ಬರಬರುತ್ತ 93 ನಿಮಿಷಕ್ಕೆ ಇಳಿದಾಗ, ಬಣ್ಣದ ಸಾವಧಾನವು ಸಹಿಸಲಾಗದ ತೊಡಕಾಯಿತು. ದಿನಕ್ಕೆ 1,000 ಗಾಡಿಗಳನ್ನು ಕಟ್ಟುವವನು ಒಂದೊಂದನ್ನೂ ಎರಡು ವಾರ ಒಣಗಿಸುವುದಾದರೆ, 14,000 ಗಾಡಿಗಳಿಗೆ ಧೂಳಿಲ್ಲದ, ಬೆಚ್ಚನೆಯ ಮಾಡು ಬೇಕು. ಅಷ್ಟು ಗಾಡಿಗಳಲ್ಲಿ ಹೂಡಿದ ಹಣವೂ ಅಲ್ಲಿಯೇ ನಿಂತಿರುವುದು. ಫೋರ್ಡ್ ಹಿಡಿದ ದಾರಿ ಆಸ್ಫಾಲ್ಟ್ ಬೆರೆತ ಕರಿಯ ಬಣ್ಣ ಮತ್ತು ಕಾವಿನ ಕೋಣೆಗಳ ಶಾಖ. 1914ರಿಂದ 1925ರ ವರೆಗೆ ಮಾಡೆಲ್ ಟಿ ಕರಿಯದಾಗಿಯೇ ಉಳಿಯಿತು. ಕಪ್ಪು ಎಲ್ಲಕ್ಕಿಂತ ಬೇಗ ಒಣಗುತ್ತಿದ್ದುದೇ ಇದಕ್ಕೆ ಕಾರಣವೆಂಬ ಮಾತು ಲೋಕಪ್ರಸಿದ್ಧವಾದರೂ ಅದನ್ನು ನಾನು ಹಾಗೆಯೇ ಒಪ್ಪಲಾರೆ; ಏಕೆಂದರೆ ಭಾಗಭಾಗಕ್ಕೂ ಒಣಗಿಸುವ ಕ್ರಮಕ್ಕೂ ತಕ್ಕಂತೆ ಅಲ್ಲಿ 30ಕ್ಕೂ ಹೆಚ್ಚು ಬಗೆಯ ಕಪ್ಪುಗಳು ಬಳಕೆಯಲ್ಲಿದ್ದುವು. ಕೊಳ್ಳುವವನಿಗೆ ಬಣ್ಣ ಒಂದೇ, ಉಗ್ರಾಣಿಗಲ್ಲ!

ನಿಜವಾದ ಬಿಡುಗಡೆ ಬಂದದ್ದು ಯುದ್ಧದ ಉಳಿಕೆಯಿಂದ. ಮೊದಲ ಮಹಾಯುದ್ಧದಲ್ಲಿ ಸ್ಫೋಟಕಗಳ ತಯಾರಿಕೆಗೆ ಅಸಿಟೋನ್ ಬೇಕಾಗಿ, ರಸಾಯನವಿಜ್ಞಾನಿ ವೈಜ್‌ಮನ್ನರ ವಿಧಾನದಂತೆ ಧಾನ್ಯವನ್ನು ಹುದುಗೆಬ್ಬಿಸುತ್ತಿದ್ದರು; ಆ ಹುದುಗಿನಲ್ಲಿ ಮೂರು ಪಾಲು ಅಸಿಟೋನಿಗೆ ಆರು ಪಾಲು ಬ್ಯೂಟನಾಲ್ ಹುಟ್ಟುತ್ತಿದ್ದು, ಅದನ್ನು ಕೇಳುವವರೇ ಇರಲಿಲ್ಲ. ಯುದ್ಧಾನಂತರ ಡ್ಯುಪಾಂಟ್ ಸಂಸ್ಥೆ ನೈಟ್ರೋಸೆಲ್ಯುಲೋಸಿನಿಂದ ಡ್ಯೂಕೋ ಎಂಬ ಲೇಪವನ್ನು ಸಿದ್ಧಪಡಿಸಿದಾಗ, ಅಂತಹ ಲೇಪಗಳನ್ನು ಕರಗಿಸಲು ಬ್ಯೂಟನಾಲಿನಿಂದಾದ ಬ್ಯೂಟೈಲ್ ಅಸಿಟೇಟೇ ಒದಗಿತು. ನಿನ್ನೆಯ ಕಸವು ಪ್ರಧಾನ ಸರಕಾಯಿತು. 1923ರಲ್ಲಿ ಜನರಲ್ ಮೋಟಾರ್ಸಿನ ಓಕ್‌ಲೆಂಡ್ ಗಾಡಿಗಳು ಡ್ಯೂಕೋವಿನ ನೀಲಿಯಲ್ಲಿ ಹೊರಬಂದುವು. ವಾರಗಳ ಕಾಲಾವಧಿ ಗಂಟೆಗಳಿಗೆ ಇಳಿಯಿತು. ಕುಂಚ ಎಳೆಯುವುದರೊಳಗೇ ಒಣಗುವ ಲೇಪಕ್ಕೆ ಸಿಂಪಡಿಸುವ ಗನ್ನೇ ಗತಿಯಾದುದರಿಂದ ಕುಂಚದ ಕುಶಲಿಗಳಲ್ಲಿ ಎಷ್ಟೋ ಮಂದಿಯ ವಿದ್ಯೆ ಅಪ್ರಯೋಜಕವಾಯಿತೆಂಬುದನ್ನೂ ಇಲ್ಲಿ ಮರೆಯಬಾರದು.

ಉಗ್ರಾಣಿಯ ಚಿಂತೆ ಮಾತ್ರ ಬೇರೊಂದು ಕಡೆಗೆ ತಿರುಗಿತು. ನೈಟ್ರೋಸೆಲ್ಯುಲೋಸು ಗನ್‌ಕಾಟನ್ ಎಂಬ ಸ್ಫೋಟಕದ ಬಂಧು. ಒಣಗಿದರೆ ಒಂದು ಕಿಡಿಗೆ ಹತ್ತಿ ಉರಿಯುವುದರಿಂದ ಅದನ್ನು ಮದ್ಯಸಾರದಲ್ಲಿ ನೆನೆಸಿ ದೂರದ ಕಟ್ಟಡದಲ್ಲಿಡಬೇಕು. ಲೇಪದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ದ್ರಾವಕವೇ ಆದುದರಿಂದ, ಬೆಲೆ ತೆತ್ತು ಕೊಂಡದ್ದರಲ್ಲಿ ಬಹುಪಾಲು ಗಾಳಿಗೆ ಹೋಗುವುದನ್ನು ಖರ್ಚಿನಲ್ಲಿ ಬರೆಯಬೇಕು. ಇದರ ಮೇಲೆ, ಬೇಗ ಒಣಗುವ ಬಣ್ಣ ಸುಲಭವಾದಂತೆ ಜನರು ಬಗೆಬಗೆಯ ಬಣ್ಣಗಳನ್ನು ಬಯಸತೊಡಗಿದರು. ಫೋರ್ಡ್ ಸಹ 1926ರ ಮಾದರಿಗಳಲ್ಲಿ ಹಸಿರಿಗೂ ಕೆಂಗಂದಿಗೂ ಮರಳಿದನು.