ಪ್ರತಿ, ಮುದ್ರಣ, ಆವೃತ್ತಿ: ಪುಸ್ತಕವ್ಯವಹಾರದ ಕೆಲವು ಶಬ್ದಗಳು

ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯವು ಸ್ಥಾಪಿತವಾಯಿತು. ಈ ಉದ್ಯಮವು ಕನ್ನಡಕ್ಕೆ ಹೊಸದಾದರೂ ಅದರ ಮಾತುಗಳಲ್ಲಿ ಹಲವು ಹಳೆಯ ಬಳಕೆಯಿಂದಲೇ ಬಂದುವು. ಎರಕದ ಪಡಿಗೆ ಸಲ್ಲುತ್ತಿದ್ದ ‘ಅಚ್ಚು’ ಅಕ್ಷರದ ಒತ್ತಿಗೂ ಸಂದಿತು. ಸೀಸದ ಅಕ್ಷರವು ‘ಮೊಳೆ’ ಎನಿಸಿತು. ಕಲ್ಲಿನ ಮೇಲೆ ಬರೆದು ಒತ್ತಿದುದು ‘ಕಲ್ಲಚ್ಚು’ ಆಯಿತು. ‘ಮುದ್ರೆ’ಯ ಬಳಗದ ‘ಮುದ್ರಣ’ವು ಇಡಿಯ ಕಾರ್ಯಕ್ಕೆ ಹೆಸರಾಯಿತು. ಇವುಗಳಿಂದ ಯಾವ ಗೊಂದಲವೂ ಇಲ್ಲ. ರೂಪವು ಹಾಗೆಯೇ ಉಳಿದು ಅರ್ಥವು ಬದಲಾದ ಶಬ್ದಗಳು ಮಾತ್ರ ವಿಚಾರಣೀಯವಾಗಿವೆ.

ಅವುಗಳಲ್ಲಿ ಮೊದಲನೆಯದು ‘ಪ್ರತಿ’. ಓಲೆಗರಿಯ ಕಾಲದಲ್ಲಿ ಪ್ರತಿಯೆಂದರೆ ಒಬ್ಬ ಲಿಪಿಕಾರನು ಒಂದು ಮಾತೃಕೆಯನ್ನು ನೋಡಿ ಬರೆದ ಬರೆಹ. ಅವನ ಕಣ್ತಪ್ಪು, ಅವನು ಬಿಟ್ಟ ಸಾಲು, ತಾನಾಗಿ ತಿದ್ದಿದ ಪಾಠ ಎಲ್ಲವೂ ಅದರಲ್ಲಿರುತ್ತವೆ. ಆದುದರಿಂದ ಒಂದೊಂದು ಪ್ರತಿಯೂ ಒಂದೊಂದು ಸಾಕ್ಷ್ಯ. ಪಾಠಾಂತರವಿಚಾರವೆಲ್ಲ ಇದರ ಮೇಲೆ ನಿಂತಿದೆ. ಅಚ್ಚಿನಲ್ಲಾದರೋ ಒಮ್ಮೆ ಜೋಡಿಸಿದ ಮೊಳೆಗಳಿಂದ ಸಾವಿರ ಪ್ರತಿಗಳನ್ನು ಒತ್ತಿದರೂ, ಒತ್ತುವಾಗ ನಡುವೆ ತಿದ್ದುಪಾಟು ಆಗದಿದ್ದರೆ, ಸಾಕ್ಷ್ಯವು ಒಂದೇ. ಹೀಗಾಗಿ ಒಂದು ಗ್ರಂಥಕ್ಕೆ ಹತ್ತು ಪ್ರತಿಗಳು ದೊರೆತಿವೆ ಎಂಬ ಮಾತಿನ ತೂಕವು ಅವು ಓಲೆಯವೋ ಅಚ್ಚಿನವೋ ಎಂಬುದನ್ನು ಅವಲಂಬಿಸಿದೆ.

ಇದಕ್ಕಿಂತ ಹೆಚ್ಚಿನ ತೊಡಕು ‘ಮುದ್ರಣ’, ‘ಆವೃತ್ತಿ’ ಎಂಬೆರಡರಲ್ಲಿದೆ. ಮೊದಲಿನ ಪಾಠವನ್ನೇ ಮರಳಿ ಒತ್ತಿದರೆ ಮುದ್ರಣ, ತಿದ್ದಿ ಬೆಳೆಸಿ ಹೊರತಂದರೆ ಆವೃತ್ತಿ ಎಂಬುದು ಶಾಸ್ತ್ರೀಯವಾದ ವಿವೇಚನೆ. ಆದರೆ ‘ಆವೃತ್ತಿ’ ಎಂಬ ಸಂಸ್ಕೃತ ಶಬ್ದಕ್ಕೆ ಮರಳಿ ಬರುವುದು ಎಂಬಷ್ಟೇ ಅರ್ಥವಿರುವುದರಿಂದ, ತಿದ್ದುಪಡಿಯ ಸೂಚನೆಯು ಅದರಲ್ಲಿ ತಾನಾಗಿ ಇಲ್ಲ. ಮುಖಪತ್ರಗಳಲ್ಲಿ ಎರಡೂ ಒಂದರ ಸ್ಥಾನದಲ್ಲಿ ಇನ್ನೊಂದಾಗಿ ಬಂದಿರುವುದಕ್ಕೆ ಇದೇ ಕಾರಣವಾಗಿರಬೇಕು. ಮಂಗಳೂರು, ಧಾರವಾಡಗಳು ಒಳಪಟ್ಟಿದ್ದ ಬ್ರಿಟಿಷ್ ಭಾರತದ 1867ರ 25ನೆಯ ಕಾಯಿದೆಯೂ ಈ ತೊಡಕನ್ನು ಬಿಡಿಸಲಿಲ್ಲ. ಪುಸ್ತಕದ ಹೆಸರು, ಭಾಷೆ, ಮುದ್ರಕ, ಪ್ರಕಾಶಕ, ಪುಟಸಂಖ್ಯೆ, ಎಷ್ಟನೆಯ ಎಡಿಷನ್, ಎಷ್ಟು ಪ್ರತಿ, ಮೊಳೆಯಚ್ಚೋ ಕಲ್ಲಚ್ಚೋ, ಬೆಲೆ ಎಷ್ಟು ಎಂಬುದನ್ನೆಲ್ಲ ಪಟ್ಟಿಯಲ್ಲಿ ದಾಖಲಿಸಬೇಕೆಂದು ಅದು ವಿಧಿಸಿತು. ಪಾಠವು ಬದಲಾಯಿತೇ ಎಂಬ ಅಂಕಣವು ಆ ಪಟ್ಟಿಯಲ್ಲಿರಲಿಲ್ಲ. 2023ರ ಶಾಸನದಿಂದ ರದ್ದಾದ ಆ ಕಾಯಿದೆಯ ಪಟ್ಟಿಗಳು ಗ್ರಂಥಚರಿತ್ರೆಗೆ ಇಂದಿಗೂ ಆಧಾರವಾಗಿರುವುದರಿಂದ ಈ ಮಿತಿಯನ್ನು ನೆನಪಿನಲ್ಲಿಡಬೇಕು.

ವಿವೇಚನೆ ತಪ್ಪಿದರೆ ಆಗುವ ಹಾನಿಗೆ ಎರಡು ನಿದರ್ಶನಗಳು ಸಾಕು. ಕೇಶಿರಾಜನ ಶಬ್ದಮಣಿದರ್ಪಣವನ್ನು 1868ರಲ್ಲಿ ಬೆಂಗಳೂರಿನಲ್ಲಿ ಗ್ಯಾರೆಟ್ಟರೂ 1872ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರೂ ಪ್ರಕಟಿಸಿದರು. ಎರಡನೆಯದು ಮೊದಲನೆಯದರ ಮರುಮುದ್ರಣವೂ ಅಲ್ಲ, ಆವೃತ್ತಿಯೂ ಅಲ್ಲ; ಬೇರೊಬ್ಬರ ‘ಸಂಪಾದನೆ’. ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶವಾದರೋ 1894ರಲ್ಲಿ ಒಂದೇ ಸಂಪುಟವಾಗಿ ಹೊರಬಂದಿತು. ಮರಿಯಪ್ಪ ಭಟ್ಟರು ಅದನ್ನು ತಿದ್ದಿ ಬೆಳೆಸಿದ ಆವೃತ್ತಿಯು 1968ರಿಂದ 1971ರವರೆಗೆ ಮದರಾಸು ವಿಶ್ವವಿದ್ಯಾನಿಲಯದಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಹಳೆಯ ರೂಪವನ್ನೇ ಯಥಾವತ್ತಾಗಿ ಒತ್ತಿದ ಮರುಮುದ್ರಣಗಳು ಆಮೇಲೆಯೂ ದೆಹಲಿಯಿಂದ ಬಂದಿವೆ. ಹೀಗಿರಲು, ಕಾಲದಲ್ಲಿ ಈಚಿನದಾದ ಪುಸ್ತಕವೇ ಪಾಠದಲ್ಲಿಯೂ ಈಚಿನದೆಂದು ನಂಬಿದ ವಿದ್ಯಾರ್ಥಿಯು 1894ರ ಅರ್ಥವಿವರಣೆಯನ್ನು ಪರಿಷ್ಕೃತವೆಂದು ಉದಾಹರಿಸುವ ಸಂಭವವುಂಟು. ‘ಕಿಟ್ಟೆಲ್ ಕೋಶ, ಇಂಥ ಪುಟ’ ಎಂಬ ಉಲ್ಲೇಖವೂ ನಿರರ್ಥಕವಾಗುತ್ತದೆ.

ಆದುದರಿಂದ ಗ್ರಂಥವನ್ನು ಉದ್ಧರಿಸುವಾಗ ಸಂಪಾದಕನ ಹೆಸರು, ಆವೃತ್ತಿ, ಮುದ್ರಣದ ವರ್ಷ ಮೂರನ್ನೂ ಬೇರೆ ಬೇರೆಯಾಗಿ ನಿರ್ದೇಶಿಸುವುದು ಯುಕ್ತ. ಮುಖಪತ್ರದ ಮಾತನ್ನೇ ನೆಚ್ಚದೆ ಪೀಠಿಕೆಯನ್ನೂ ಪಾಠವನ್ನೂ ಒತ್ತಟ್ಟಿಗಿಟ್ಟು ಹೋಲಿಸಿದಲ್ಲದೆ ಅವುಗಳ ನಿಜವಾದ ಸಂಬಂಧವು ನಿರ್ಣಯವಾಗಲಾರದು.